ಯೂರಿಯಾ ಮೂಟೆಯವರ ದರ್ಶನ

ಮುಂಗಾರು. ದಾವಣಗೆರೆ ಕಡೆಯ ಒಂದು ಸೊಸೈಟಿ ಗೋದಾಮು. ಹೊರಗೆ ಸಾಲಿನಲ್ಲಿ ಜನಕ್ಕಿಂತ ಅವರ ಚಪ್ಪಲಿಗಳೇ ಹೆಚ್ಚು. ಒಳಗೆ ಮೂಟೆಯವರು ಅಟ್ಟಿಯ ಮೇಲೆ ವಿರಾಜಮಾನರಾಗಿದ್ದರು.

ಪ್ರಶ್ನೆ: ನಮಸ್ಕಾರ. ಸ್ವಲ್ಪ ಇಳಿದುಹೋದ ಹಾಗಿದೀರಿ?

ಮೂಟೆ: 2018ರಲ್ಲಿ 50 ಕೆಜಿ ಇದ್ದ ನನ್ನನ್ನು 45ಕ್ಕೆ ಇಳಿಸಿದರು. ಎಕರೆಗೆ ಇಷ್ಟು ಚೀಲ ಅಂತ ಲೆಕ್ಕ ಹಾಕೋರು ಹಾಗಾದರೂ ಕಮ್ಮಿ ಎರಚಲಿ ಅಂತ. ಇವರು ಇನ್ನೊಂದು ಚೀಲ ಕೇಳ್ತಾರೆ.

ಪ್ರಶ್ನೆ: ಬೆಲೆ?

ಮೂಟೆ: 266 ರೂಪಾಯಿ 50 ಪೈಸೆ. ಮಿಕ್ಕಿದ್ದು ದಿಲ್ಲಿಯವರು ಕಟ್ತಾರೆ. ಡಿಎಪಿ ಗೊಬ್ಬರದ ಬೆಲೆ ಕೇಳಿ ಬೆವತವರೆಲ್ಲ ನನ್ನ ಹತ್ತಿರವೇ ಬರೋದು.

ಪ್ರಶ್ನೆ: ಮೈಗೆ ಬೇವಿನೆಣ್ಣೆ ಯಾಕೆ?

ಮೂಟೆ: 2015ರಿಂದ ಕಡ್ಡಾಯ. ಬೆಳೆಗೆ ನಿಧಾನವಾಗಿ ಸಿಗಲಿ ಅಂತ. ಇನ್ನೊಂದು ಕಾರಣ... ಪ್ಲೈವುಡ್ ಅಂಟಿನ ಕಾರ್ಖಾನೆಗೂ ಕದ್ದುಮುಚ್ಚಿ ಹೋಗಿಬರ್ತಿದ್ದೆ. ಹರೆಯದ ವಿಷಯ, ಬರೀಬೇಡಿ.

ಪ್ರಶ್ನೆ: ನಿಮ್ಮಲ್ಲಿ ನೂರಕ್ಕೆ 46 ಪಾಲು ಸಾರಜನಕ. ಅಷ್ಟೂ ಭತ್ತಕ್ಕೆ ಸೇರುತ್ತಾ?

ಮೂಟೆ: ಅರ್ಧವೂ ಸೇರಲ್ಲ. ಮೇಲೆ ಎರಚಿಬಿಟ್ಟರೆ ಅಮೋನಿಯಾ ಆಗಿ ಹಾರ್ತೀನಿ, ಬಸಿಗಾಲುವೆಗೂ ಇಳೀತೀನಿ. ಗಾಳಿಯ ಸಾರಜನಕ ಹಿಡಿದೇ ತಾನೆ ಕಾರ್ಖಾನೆಯವರು ನನ್ನನ್ನು ಮಾಡಿದ್ದು? ತವರಿಗೆ ಹೋದರೆ ತಪ್ಪಾ?

ಪ್ರಶ್ನೆ: ಜಾಸ್ತಿ ಹಾಕಿದರೆ?

ಮೂಟೆ: ಪೈರು ಕಡುಹಸಿರಾಗುತ್ತೆ, ಪಕ್ಕದ ಗದ್ದೆಯವರಿಗೆ ಹೊಟ್ಟೆಕಿಚ್ಚು. ಆಮೇಲೆ ಕಂದು ಜಿಗಿಹುಳು ಬರುತ್ತೆ, ಪೈರು ಮಲಗುತ್ತೆ. ಔಷಧಿ ಅಂಗಡಿಯವರು ಕಂಡಲ್ಲಿ ನನಗೆ ಕೈ ಮುಗೀತಾರೆ.

ಪ್ರಶ್ನೆ: ಮೂಲೆಯಲ್ಲಿರೋ ಹಸಿರು ಗೊಬ್ಬರದ ಡಯಾಂಚ ಬೀಜ...

ಮೂಟೆ: ಓ, ಅದಾ! ಅದಕ್ಕಾಗಿ ಒಂದು ಚಪ್ಪಲಿಯಾದರೂ ಸಾಲಿನಲ್ಲಿದೆಯಾ ನೋಡಿ. ಬೇರಿನಲ್ಲಿ ಗಂಟು ಕಟ್ಟಿಕೊಂಡು, ಅದರೊಳಗೆ ಬ್ಯಾಕ್ಟೀರಿಯಾಗಳಿಗೆ ಊಟ ಹಾಕಿಕೊಂಡು, ಗಾಳಿಯ ಸಾರಜನಕವನ್ನ ಪುಕ್ಕಟೆ ಮಣ್ಣಿಗೆ ಇಳಿಸುತ್ತಂತೆ. ಹೆಬ್ಬೆಟ್ಟು ಒತ್ತೋ ಯಂತ್ರ ಇಲ್ಲ. ಮರ್ಯಾದೆ ಎಲ್ಲಿಂದ ಬರಬೇಕು? ಅದೂ ಅಲ್ಲದೆ ನಾಟಿಗೆ ಮುಂಚೆ ಬಿತ್ತಿ, ಆರೇಳು ವಾರ ಬೆಳೆಸಿ, ಹೂವಾಡೋ ಹೊತ್ತಿಗೆ ಉತ್ತು ಮಣ್ಣಿಗೆ ಸೇರಿಸಬೇಕು. ಕಾಲುವೆಗೆ ನೀರು ಬಿಟ್ಟ ಮಾರನೇ ದಿನ ಸಸಿಮಡಿಗೆ ಓಡೋ ಊರಲ್ಲಿ ಆ ಆರೇಳು ವಾರ ಎಲ್ಲಿಂದ ತರ್ತೀರಿ?

(ಇಡೀ ಭಾಷಣದಲ್ಲಿ ಮೂಟೆಯವರು ಆಡಿದ ನ್ಯಾಯವಾದ ಮಾತು ಇದೊಂದೇ.)

ಪ್ರಶ್ನೆ: ಖಾಲಿಯಾದ ಮೇಲೆ ಏನು ಮಾಡ್ತೀರಿ?

ಮೂಟೆ: ಕೊಟ್ಟಿಗೆಗೆ ಪರದೆ, ಮಳೆಗೆ ಕೊಪ್ಪೆ, ಬದುವಿನ ಹುಲ್ಲು ತರೋಕೆ ಚೀಲ. ಆಗ ನೋಡಿ, ಗಾಳಿಗೆ ಹಾರಿಹೋಗದ ಹಾಗೆ ಹಗ್ಗ ಹಾಕಿ ಕಟ್ಟಿರ್ತಾರೆ.