ಎಲ್ಲವೂ ಚಾಲೂ!

ಮುಂಬಯಿಗೆ ಬಂದಿಳಿದ ಕನ್ನಡಿಗ ಹಿಂದಿ, ಮರಾಠಿ ಕಲಿಯಲು ಮಗ್ಗಿ ಉರು ಹೊಡೆಯಬೇಕಿಲ್ಲ. ‘ಚಾಲೂ’ ಎಂಬ ಒಂದು ಮಾತು ಬಾಯಿಗೆ ಬಂದರೆ ದಾದರಿನಿಂದ ಡೊಂಬಿವಲಿವರೆಗೆ ಬದುಕಿಕೊಳ್ಳಬಹುದು. ಅಂಗಡಿ ಬಾಗಿಲು ತೆರೆದಿದ್ದರೆ ಚಾಲೂ. ಫ್ಯಾನು ತಿರುಗಿದರೆ ಚಾಲೂ. ಓಡಿಬಂದು ಹತ್ತುವ ಲೋಕಲ್ಲು ಚಾಲೂ ಗಾಡಿ. ಯಾರಾದರೂ ‘ಚಾಲೂ ಪಡ್’ ಎಂದರೆ ಮಾತ್ರ ಜಾಗ ಖಾಲಿ ಮಾಡಿ. ಅದು ಚಹಾಕ್ಕೆ ಕರೆದದ್ದಲ್ಲ.

ಮನುಷ್ಯರಿಗೆ ಹಚ್ಚಿದಾಗ ಪದದ ಬಣ್ಣ ಬದಲಾಗುತ್ತದೆ. ‘ನಮ್ಮ ಮಾಣಿ ಭಾರೀ ಚಾಲೂ ಮಾರಾಯ್ರೇ’ ಎಂದು ಮಾಟುಂಗದ ಅತ್ತೆ ಹೇಳಿದರೆ ಅದು ವರನ ಯೋಗ್ಯತಾಪತ್ರ. ಬಿಲ್ಡರನನ್ನೇ ಜೇಬಿಗೆ ಹಾಕಿಕೊಳ್ಳಬಲ್ಲ ಗಂಡು! ಅದೇ ಅತ್ತೆ ಹುಡುಗಿಯ ಬಗ್ಗೆ ಅದೇ ಮಾತು ಆಡಿದರೋ, ಸಂಬಂಧ ಅಲ್ಲಿಗೇ ಮುರಿಯಿತು. ಪಾಪ, ಆ ಹುಡುಗಿ ಮಾಡಿದ ತಪ್ಪೆಂದರೆ ಕೆಲಸ ಮುಗಿಸಿ ರಾತ್ರಿ ಹತ್ತರ ಲೋಕಲ್ಲಿನಲ್ಲಿ ಮನೆಗೆ ಬಂದದ್ದು.

ಈ ಪದದ ಎಲ್ಲ ಅರ್ಥಗಳನ್ನೂ ಒಟ್ಟಿಗೆ ಅರಗಿಸಿಕೊಂಡದ್ದು ಮಾತ್ರ ಸರ್ಕಾರ. ಅಗೆದ ರಸ್ತೆಗಳ ಪಕ್ಕದಲ್ಲೆಲ್ಲ ‘ಕಾಮ್ ಚಾಲೂ ಆಹೇ’ ಬೋರ್ಡು. ‘ಮುಗಿಯಿತು’ ಎನ್ನುವ ಬೋರ್ಡು ಯಾರ ಕಣ್ಣಿಗಾದರೂ ಬಿದ್ದಿದ್ದರೆ ತಿಳಿಸಿ. ಅಂಧೇರಿಯ ಗೋಖಲೆ ಸೇತುವೆಯನ್ನು 2022ರ ನವೆಂಬರಿನಲ್ಲಿ ಮುಚ್ಚಿದರು. 2024ರ ಫೆಬ್ರವರಿಯಲ್ಲಿ ಒಂದು ಬದಿ ತೆರೆದು ನೋಡಿದರೆ, ಅದಕ್ಕೆ ಕೂಡಬೇಕಿದ್ದ ಬರ್ಫಿವಾಲಾ ಮೇಲ್ಸೇತುವೆ ಒಂದು ಮೀಟರಿಗೂ ಹೆಚ್ಚು ಕೆಳಗೆ ಕೂತಿತ್ತು! ಆಮೇಲೆ ಜಾಕಿ ಕೊಟ್ಟು ಎತ್ತಿ ಕೂಡಿಸಿದರು. ಪೂರ್ತಿ ಸೇತುವೆ ತೆರೆದದ್ದು 2025ರ ಮೇ ತಿಂಗಳಲ್ಲಿ. ಅಷ್ಟು ಕಾಲ ಕೆಲಸ ಯಾವ ಅರ್ಥದಲ್ಲಿ ಚಾಲೂ ಇತ್ತೆಂದು ಕೇಳಿದರೆ ನೀವೇ ಚಾಲೂ ಅನ್ನಿಸಿಕೊಳ್ಳುತ್ತೀರಿ.

ಕಾರವಾರ, ಉಡುಪಿಗೆ ನಮ್ಮನ್ನು ಮುಟ್ಟಿಸುವ ಮುಂಬಯಿ–ಗೋವಾ ಹೆದ್ದಾರಿಯ ಮಾತಂತೂ ಬೇಡ. ಅಗಲೀಕರಣ ಶುರುವಾದದ್ದು 2011ರಲ್ಲಿ. ಆ ವರ್ಷ ಬಾಲವಾಡಿಗೆ ಸೇರಿದ ಮಕ್ಕಳು ಕಾಲೇಜು ಮೆಟ್ಟಿಲು ಹತ್ತಿದರೂ ಗಡುವಿನ ಮೇಲೆ ಗಡುವು. ಆದ್ದರಿಂದ ಚೌತಿಗೆ ಊರಿಗೆ ಹೊರಡುವವರು 60 ದಿನ ಮುಂಚೆಯೇ ಮತ್ಸ್ಯಗಂಧಾ ರೈಲಿಗೆ ಟಿಕೆಟ್ ಮಾಡಿಸಿಕೊಳ್ಳಿ. ಸಿಗದಿದ್ದರೆ ರಿಸರ್ವೇಶನ್ ಇಲ್ಲದ ಬೋಗಿ ಇದ್ದೇ ಇದೆ. ಅದರ ಹೆಸರು ಚಾಲೂ ಡಬ್ಬ.