ಇಪ್ಪತ್ನಾಲ್ಕೋ, ಇಪ್ಪತ್ತೆಂಟೋ?

ನಮ್ಮ ಮುರಗೋಡದಲ್ಲಿ ಹೊಸ ಗಾಡಿ ತಂದವನನ್ನು ಯಾರೂ ಬೆಲೆ ಕೇಳುವುದಿಲ್ಲ. ಬೆಲೆಯನ್ನು ಅವನೇ ಹೇಳುತ್ತಾನೆ, ಅದೂ ಎರಡೆರಡು ಸಲ. ಊರು ಕೇಳುವುದು ಒಂದೇ ಮಾತು: ‘ಆವರೇಜ್ ಎಷ್ಟ ಕೊಡತೈತ್ರಿ?’ ನನ್ನ ಬುಲೆಟ್ಟಿನ ಆವರೇಜ್ ಕೇಳುವುದನ್ನು ಮಾತ್ರ ಊರು ಯಾವಾಗಲೋ ಬಿಟ್ಟಿದೆ. ಎದುರಾದವರು ದನಿ ಇಳಿಸಿ, ‘ಈಗ ಹೆಂಗೈತ್ರಿ ಅದು?’ ಎಂದು ವಿಚಾರಿಸುತ್ತಾರೆ.

ಗಾಡಿ ಬಂದದ್ದು ಮಾವನವರ ಕಡೆಯಿಂದ. ವರದಕ್ಷಿಣೆ ಅಂದುಕೊಳ್ಳಬೇಡಿ, ಅವರ ಮೊಣಕಾಲು ಕಿಕ್ ಹೊಡೆಯಲು ಒಲ್ಲೆ ಅಂದ ಮೇಲೆ ತಾವಾಗಿ ನಮ್ಮ ಹಿತ್ತಲಿಗೆ ದಾಟಿಸಿದರು. ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ ಇರುವ ಕಾಲದ್ದು. ಒಂದೇ ಸಿಲಿಂಡರು, 346 ಸಿ.ಸಿ.; ಸಿಲಿಂಡರಿನ ಒಳ ಅಗಲ 70 ಮಿ.ಮೀ., ಪಿಸ್ಟನ್ನು ಮೇಲೆ ಕೆಳಗೆ ಓಡಾಡುವ ದೂರ 90. ಬಟ್ಟೆಯನ್ನು ಮೀಟರ್ ಲೆಕ್ಕದಲ್ಲಿ ಹರಿದು ಕೊಡುವ ಅಂಗಡಿಕಾರನಾದ ನಾನು ಮಿಲಿಮೀಟರಿನ ಭಾಷೆ ಕಲಿತದ್ದು ಈ ಗಾಡಿಯ ದೆಸೆಯಿಂದ. ಚಾಲೂ ಮಾಡುವುದೂ ಒಂದು ವ್ರತವೇ. ಅಮೀಟರಿನ ಮುಳ್ಳು ನಡುವಿಗೆ ಬರುವ ತನಕ ಕಿಕ್ಕನ್ನು ಮೆಲ್ಲಗೆ ಒತ್ತಬೇಕು, ಡಿಕಂಪ್ರೆಸರ್ ಹಿಡಿದು ಇನ್ನೊಂದಿಷ್ಟು ಒತ್ತಬೇಕು, ಬಿಡಬೇಕು, ಆಮೇಲೆ ಮೈಭಾರವೆಲ್ಲ ಹಾಕಿ ಒಂದು ಒದೆತ. ಈ ಕೊನೆಯ ಕ್ರಿಯೆಗೆ ನನ್ನ ಮೈಭಾರ ಸಾಲದು. ಅದಕ್ಕೇ ಎದುರು ಮನೆಯ ಪೈಲವಾನ ಹುಡುಗ ಇದ್ದಾಗಲೇ ನಾನು ಊರಿಗೆ ಹೊರಡುವುದು.

ಒಂದು ದಿನ ಮುನವಳ್ಳಿಯ ಮದುವೆಗೆ ಹೊರಟಿದ್ದೆವು. ಹಿಂದೆ ನಮ್ಮ ಮನೆಯವರು, ಇಳಕಲ್ ಸೀರೆ, ತೊಡೆಯ ಮೇಲೆ ಆಹೇರಿಯ ಗಂಟು. ಸೊಗಲದ ಕಡೆ ತಿರುಗುವ ಹೊತ್ತಿಗೆ ಗಾಡಿ ಮಿಸ್ಸಿಂಗ್ ಹೊಡೆಯತೊಡಗಿತು. ಕೆಮ್ಮಿತು, ಸೀನಿತು, ನಿಂತಿತು. ಸೊಗಲದಲ್ಲಿ ಸೋಮೇಶ್ವರನಿದ್ದಾನೆ, ಜಲಪಾತವಿದೆ, ಆದರೆ ಗ್ಯಾರೇಜು ಕಾಣಲಿಲ್ಲ. ಕಬ್ಬಿನ ಹಂಗಾಮು. ಎರಡೆರಡು ಟ್ರೇಲರ್ ಎಳೆದುಕೊಂಡು, ಹಾಡು ಹಚ್ಚಿಕೊಂಡು ಬರುವ ಟ್ರ್ಯಾಕ್ಟರಿನವರೆಲ್ಲ ನಿಂತು ವಿಚಾರಿಸಿದರು. ನಮ್ಮ ಕಡೆ ಒಂದು ಒಳ್ಳೆಯ ಗುಣ: ರಸ್ತೆಯಲ್ಲಿ ನಿಂತ ಗಾಡಿಯನ್ನು ಯಾರೂ ಹಾಗೇ ದಾಟಿ ಹೋಗುವುದಿಲ್ಲ, ಒಂದು ಸಲಹೆಯನ್ನಾದರೂ ಕೊಟ್ಟೇ ಹೋಗುತ್ತಾರೆ. ‘ಕಾರ್ಬೊರೇಟರ್ ಹೋಗೇತ್ರಿ, ಬ್ಯಾರೇ ಹಾಕ್ರಿ’ ಎಂದು ಎಲ್ಲರದೂ ಒಂದೇ ತೀರ್ಪು. ಒಬ್ಬಾತ ಪೆಟ್ರೋಲ್ ಐತೋ ಇಲ್ಲೋ ಎಂದು ಟಾಕಿಯ ಮುಚ್ಚಳ ತೆಗೆದು ನೋಡಿದ. ಆಮೇಲೆ ಕಿಕ್ ಹೊಡೆದರೆ ಗಾಡಿ ಏನೂ ಆಗಿಲ್ಲವೆಂಬಂತೆ ಚಾಲೂ ಆಯಿತು. ಆ ಮುಚ್ಚಳದ ಸಂಗತಿ ಆಗ ಯಾರ ತಲೆಗೂ ಹೊಳೆಯಲಿಲ್ಲ. ಮದುವೆ ಊಟಕ್ಕೆ ಎರಡನೆಯ ಪಂಕ್ತಿ ಸಿಕ್ಕಿತು; ಕಾರ್ಬೊರೇಟರಿನ ವಿಚಾರ ತಲೆಗೆ ಹತ್ತಿತು.

ಕಾರ್ಬೊರೇಟರು ಮಾಡುವ ಕೆಲಸ ಸಣ್ಣದು. ಗಾಳಿಗೆ ಪೆಟ್ರೋಲು ಬೆರೆಸಿ ಸಿಲಿಂಡರಿಗೆ ಕೊಡುವುದು. ಬೋರಿನ ಪೈಪಿನ ಬಾಯಿಯನ್ನು ಹೆಬ್ಬೆರಳಿನಿಂದ ಒತ್ತಿ ದೂರದ ಸಾಲಿಗೆ ನೀರು ಹಾರಿಸುತ್ತೀರಲ್ಲ, ಅದೇ ತತ್ವ. ದಾರಿ ಕಿರಿದಾದರೆ ಹರಿವಿನ ವೇಗ ಹೆಚ್ಚುತ್ತದೆ, ವೇಗ ಹೆಚ್ಚಿದ ಕಡೆ ಒತ್ತಡ ಇಳಿಯುತ್ತದೆ. ಒತ್ತಡ ಇಳಿದ ಆ ಕೊರಳಿನಲ್ಲಿ ಕೆಳಗಿನ ಬಟ್ಟಲಿನ ಪೆಟ್ರೋಲು ಜೆಟ್ಟಿನ ತೂತಿನಿಂದ ಮೇಲೆದ್ದು ತುಂತುರಾಗಿ ಗಾಳಿಯ ಜೊತೆ ಹೊರಡುತ್ತದೆ. ಇದನ್ನು ಅಭ್ಯಾಸ ಮಾಡಿ ಬರೆದಿಟ್ಟವನು ಇಟಲಿಯ ವೆಂಚುರಿ, 1822ರಲ್ಲಿ ತೀರಿಕೊಂಡ; ಅವನಿಗೆ ಬುಲೆಟ್ಟಿನ ಕಾಟ ಗೊತ್ತಿರಲಿಲ್ಲ. ಒಂದು ಕಿಲೊ ಪೆಟ್ರೋಲು ಪೂರ್ತಿ ಉರಿಯಲು 14.7 ಕಿಲೊ ಗಾಳಿ ಬೇಕು. ಗಾಳಿಯನ್ನೂ ಕಿಲೊ ಲೆಕ್ಕದಲ್ಲಿ ತೂಗುತ್ತಾರೆಂದು ತಿಳಿದ ದಿನ, ನನ್ನೊಳಗಿನ ವ್ಯಾಪಾರಿಗೆ ಬಿಟ್ಟಿ ಸಿಗುವ ಆ ಮಾಲಿನ ಬಗ್ಗೆ ವಿಶೇಷ ಗೌರವ ಹುಟ್ಟಿತು.

ಗಾಡಿಯ ಜೊತೆ ಬಂದದ್ದು ಮಿಕ್‌ಕಾರ್ಬ್, 24 ಮಿ.ಮೀ. ಮುನ್ನೂರೈವತ್ತರ ಬುಲೆಟ್ಟುಗಳಿಗೆ ಕಂಪನಿಯೇ ಕೂಡಿಸಿ ಕಳಿಸುತ್ತಿದ್ದದ್ದು. 24 ಎಂದರೆ ಆ ಕೊರಳಿನ ಅಗಲ. ಅದಕ್ಕೂ ಮೊದಲು ಇದ್ದದ್ದು ಇಂಗ್ಲೆಂಡಿನ ಅಮಲ್. ಬರ್ಮಿಂಗ್‌ಹ್ಯಾಮಿನಲ್ಲಿ ಮೂರು ಕಂಪನಿಗಳು ಕೂಡಿ 1927ರಲ್ಲಿ ಹುಟ್ಟಿದ ಹೆಸರು ಅದು. 1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಶುರುವಾದಾಗಿನ ಹಳೆಯ ಬುಲೆಟ್ಟುಗಳ ಎದೆಯಲ್ಲಿ ಕೂತಿದ್ದದ್ದು ಅದೇ. ಮಾವನವರ ಅಟ್ಟದ ಮೇಲೆ ಒಂದು ಅಮಲ್ ಇತ್ತು, ಹಳೆಯ ದೋತರದ ತುಂಡಿನಲ್ಲಿ ಸುತ್ತಿ ಇಟ್ಟದ್ದು. ಬಿಚ್ಚಿದೆ. ಹಿತ್ತಾಳೆಯ ಜೆಟ್ಟಿನ ಮೇಲಿನ ಅಂಕಿ ಈಗಲೂ ಓದಲು ಬರುತ್ತಿತ್ತು. ಕೈ ತಿರುಗಿಸಿದಂತೆ ಏರಿಳಿಯುವ ಸ್ಲೈಡು ಮಾತ್ರ ಸವೆದು, ಬೆರಳಲ್ಲಿ ಹಿಡಿದು ಅಲ್ಲಾಡಿಸಿದರೆ ಕಟಕಟ ಅನ್ನುತ್ತಿತ್ತು. ಆ ಸಂದಿಯಲ್ಲಿ ಕಳ್ಳಗಾಳಿ ಹೊಕ್ಕರೆ ಗಾಡಿ ಮಂದಗತಿಯಲ್ಲಿ ಚಾಲೂ ಉಳಿಯುವುದೇ ಇಲ್ಲ.

ಮುಂದಿನ ಕೆಲವು ತಿಂಗಳಲ್ಲಿ ನನ್ನ ಅಂಗಡಿಯ ಬ್ಲೌಸ್ ಪೀಸಿನ ಖಾನೆಯಲ್ಲಿ ಒಂದರ ಮಗ್ಗುಲಿಗೆ ಒಂದು ಕಾರ್ಬೊರೇಟರು ಕೂಡತೊಡಗಿತು. ಮೊದಲು ಬಂದದ್ದು ಅಗ್ಗದ ನಕಲು ಮಾಲು. ನೋಡಲು ಅಸಲಿಗಿಂತ ಥಳಥಳ. ನಕಲಿನ ಗುಣವೇ ಅದು, ಇಳಕಲ್ ಸೀರೆಯಲ್ಲೂ ಅಷ್ಟೇ. ಜೆಟ್ಟಿನ ಮೇಲೆ ಒಂದು ಅಂಕಿ, ತೂತು ಇನ್ನೊಂದು ಅಳತೆ. ಫ್ಲೋಟಿನ ಮುಳ್ಳು ಸರಿಯಾಗಿ ಕೂಡದೆ ಹಗಲೆಲ್ಲ ಓವರ್‌ಫ್ಲೋ. ಹಿತ್ತಲೆಲ್ಲ ಪೆಟ್ರೋಲಿನ ವಾಸನೆ. ‘ಗಾಡಿ ಅದನ್ನ ಕುಡೀತೈತೋ, ನೆಲ ಕುಡೀತೈತೋ?’ ಎಂದರು ಮನೆಯವರು. ಆವರೇಜಿನ ಬಗ್ಗೆ ಇಷ್ಟು ನೇರವಾದ ಪ್ರಶ್ನೆಯನ್ನು ಊರವರೂ ಕೇಳಿರಲಿಲ್ಲ.

ಆಮೇಲೆ 28 ಮಿ.ಮೀ. ಬಂತು, ಐನೂರು ಸಿ.ಸಿ. ಬುಲೆಟ್ಟಿಗೆ ಹಾಕುವ ಅಳತೆಯದು. ನಾಲ್ಕೇ ಮಿಲಿಮೀಟರ್ ಹೆಚ್ಚು, ಆದರೆ ಬಾಯಿಯ ವಿಸ್ತೀರ್ಣ ಲೆಕ್ಕ ಹಾಕಿ ನೋಡಿ, ಮೂರನೇ ಒಂದು ಪಾಲಿಗಿಂತ ಹೆಚ್ಚಾಗುತ್ತದೆ. ‘ಪಿಕಪ್ ಹೆಂಗ ಬರತೈತಿ ನೋಡ್ರಿ’ ಎಂದು ಮಾರಿದವನು ಭರವಸೆ ಕೊಟ್ಟಿದ್ದ. ಮಠದ ಮುಂದಿನಿಂದ ಸಂತೆಯ ಗದ್ದಲ ದಾಟಿ ಹೋಗುವಾಗ ಪಿಕಪ್ಪು ಬರಲಿಲ್ಲ, ಗಾಡಿ ಮುಗ್ಗರಿಸಿತು. ದೊಡ್ಡ ಬಾಯಿಯಲ್ಲಿ ಗಾಳಿ ಆರಾಮವಾಗಿ ಹೋಗುತ್ತದೆ. ಆರಾಮವಾಗಿ ಹೋದರೆ ವೇಗವಿಲ್ಲ, ವೇಗವಿಲ್ಲದಿದ್ದರೆ ಪೆಟ್ರೋಲು ತುಂತುರಾಗದೆ ಹನಿಹನಿಯಾಗಿ ಬೀಳುತ್ತದೆ. ಆದರೆ ಅದಕ್ಕೂ ಒಂದು ಅವಕಾಶ ಕೊಡಬೇಕಲ್ಲ? ಅಕ್ಟೋಬರ್ 23ಕ್ಕೆ ಕಿತ್ತೂರು ಉತ್ಸವದ ನೆಪ ಸಿಕ್ಕಿತು. 1824ರಲ್ಲಿ ಅದೇ ದಿನ ಚೆನ್ನಮ್ಮನ ಸೈನ್ಯ ಥ್ಯಾಕರೆಯನ್ನು ಕೆಡವಿದ್ದು. ಕಿತ್ತೂರಿನಿಂದ ಧಾರವಾಡದ ಕಡೆ ಪುಣೆ-ಬೆಂಗಳೂರು ಹೆದ್ದಾರಿ ಹಿಡಿದ ಮೇಲೆ 28ಕ್ಕೆ ಜೀವ ಬಂತು. ರೇಸ್ ಕೊಟ್ಟಷ್ಟೂ ಎದೆ ತುಂಬ ಉಸಿರೆಳೆದು ಓಡಿತು. ಗಾಡಿ ಓಡಿತು ಸರಿ, ಮುರಗೋಡದಲ್ಲಿರುವ ನನ್ನ ಅಂಗಡಿಯನ್ನು ಹೆದ್ದಾರಿಯ ಪಕ್ಕಕ್ಕೆ ಒಯ್ಯುವುದು ಹೇಗೆ?

ಅಣ್ಣನ ಮಗ ಪುಣೆಯಲ್ಲಿದ್ದಾನೆ. ‘ಕಾಕಾ, ಅವೆಲ್ಲ ಹಳೇವು, ಫ್ಲಾಟ್ ಸ್ಲೈಡ್ ಹಾಕ್ರಿ’ ಎಂದು ಆನ್‌ಲೈನಿನಲ್ಲಿ ಪಿಡಬ್ಲ್ಯುಕೆ ಮಾದರಿಯ ನಕಲೊಂದನ್ನು ತರಿಸಿ ಕಳಿಸಿದ. ಅಸಲು ಜಪಾನಿನ ಕೀಹಿನ್ ಕಂಪನಿಯ ವಿನ್ಯಾಸ; ಟೂ-ಸ್ಟ್ರೋಕ್ ರೇಸ್ ಗಾಡಿಗಳ ಮೇಲೆ ಹೆಸರು ಮಾಡಿದ್ದು. ನಮ್ಮ ಗಾಡಿಯೋ ಫೋರ್-ಸ್ಟ್ರೋಕ್, ರೇಸ್ ಎಂದರೆ ಎತ್ತಿನ ಶರ್ಯತ್ತು ಎಂದು ತಿಳಿದದ್ದು. ಅದು ಏರ್‌ಫಿಲ್ಟರಿನ ಬಾಯಿಗೂ ಸರಿಯಾಗಿ ಕೂಡಲಿಲ್ಲ. ಕೂಡದಿದ್ದರೆ ತೆರೆದೇ ಓಡಿಸಿ ಎಂದ ಹುಡುಗ. ಬೈಲಹೊಂಗಲದ ಎರಿಮಣ್ಣಿನ ಧೂಳು ಬೇಸಿಗೆಯಲ್ಲಿ ಹೇಗೆ ಏಳುತ್ತದೆ ಎಂಬುದು ಪುಣೆಯಲ್ಲಿ ಕುಳಿತವನಿಗೆ ಮರೆತಿರಬೇಕು. ಅದು ಸಿಲಿಂಡರಿಗೆ ಹೊಕ್ಕರೆ ಪಿಸ್ಟನ್ನಿಗೆ ಉಸುಕಿನ ಕಾಗದ ಹಚ್ಚಿ ತಿಕ್ಕಿದಷ್ಟೇ ಸವೆತ. ಪೊಟ್ಟಣ ಕಟ್ಟಿ ಖಾನೆಗೆ ಸೇರಿಸಿದೆ.

ಇನ್ನೊಂದು ಜಾತಿಯಿದೆ, ಸಿ.ವಿ. ಎನ್ನುತ್ತಾರೆ. ಥಂಡರ್‌ಬರ್ಡ್, ಮಚಿಸ್ಮೊ ಗಾಡಿಗಳಿಗೆ 29 ಮಿ.ಮೀ. ಮಿಕುನಿ ಬಂತಲ್ಲ, ಅದು. ಇದರಲ್ಲಿ ನಾವು ಎಷ್ಟೇ ಅವಸರದಿಂದ ಕೈ ತಿರುಗಿಸಿದರೂ ಸ್ಲೈಡು ನಮ್ಮ ಮಾತು ಕೇಳುವುದಿಲ್ಲ. ಎಂಜಿನ್ ಎಷ್ಟು ಉಸಿರೆಳೆಯುತ್ತದೋ ಅಷ್ಟೇ ಮೇಲೇಳುತ್ತದೆ. ಬುದ್ಧಿವಂತ ಏರ್ಪಾಡು. ಗೆಳೆಯರೊಬ್ಬರ ಗಾಡಿಯಲ್ಲಿ ಓಡಿಸಿ ನೋಡಿದೆ, ಬೆಣ್ಣೆಯಂತೆ ಅಂತಾರಲ್ಲ ಹಾಗೆ. ಆದರೆ ಅದರೊಳಗಿನ ತೆಳು ರಬ್ಬರಿನ ಪರದೆಗೆ ಸೂಜಿಮೊನೆಯಷ್ಟು ತೂತು ಬಿದ್ದರೂ ಆಟ ಮುಗಿಯಿತು, ಬೆಳಗಾವಿಗೋ ಹುಬ್ಬಳ್ಳಿಗೋ ಬಸ್ಸು ಹಿಡಿಯಬೇಕು.

ರಬ್ಬರ್ ಎಂದ ಕೂಡಲೇ ಇಥೆನಾಲ್ ನೆನಪಾಗುತ್ತದೆ. ನಮ್ಮ ಹೊಲದ ಕಬ್ಬು ಟ್ರೇಲರಿನಲ್ಲಿ ಕಾರ್ಖಾನೆಗೆ ಹೋಗಿ, ಸಕ್ಕರೆಯಾಗಿ ಒಂದಿಷ್ಟು ಚಹಾಕ್ಕೆ ಬರುತ್ತದೆ. ಇಥೆನಾಲ್ ಆಗಿ ಒಂದಿಷ್ಟು ಪೆಟ್ರೋಲ್ ಬಂಕಿಗೆ ಬರುತ್ತದೆ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಪ್ರಧಾನಿಯವರು ಶೇ. 20ರ ಮಿಶ್ರಣಕ್ಕೆ ಚಾಲನೆ ಕೊಟ್ಟರು. ರೈತನ ಬಿಲ್ಲಿಗೆ ಒಳ್ಳೆಯದೇ, ನನ್ನ ಅಂಗಡಿಗೂ ಒಳ್ಳೆಯದು. ಬಿಲ್ಲು ಬಂದ ವಾರ ಸೀರೆ ಹೋಗುತ್ತವೆ. ಹಳೆಯ ಕಾರ್ಬೊರೇಟರಿಗೆ ಮಾತ್ರ ಅಷ್ಟು ಹಿತವಲ್ಲ. ಇಥೆನಾಲ್ ನೀರನ್ನು ಹೀರುತ್ತದೆ, ಹಳೆಯ ಕಾಲದ ರಬ್ಬರನ್ನು ಉಬ್ಬಿಸುತ್ತದೆ. ಒಂದು ಕಿಲೊ ಇಥೆನಾಲಿಗೆ 9 ಕಿಲೊ ಗಾಳಿ ಸಾಕು. ಹೀಗಾಗಿ ಹಳೆಯ ಜೆಟ್ಟಿನಲ್ಲೇ ಓಡಿಸಿದರೆ ಗಾಳಿ ಹೆಚ್ಚಾಗಿ ಪ್ಲಗ್ಗು ಬಿಳುಪೇರುತ್ತದೆ, ಎಂಜಿನ್ ಕಾಯುತ್ತದೆ. ಹೊಸ ಗಾಡಿಗಳಿಗೆ ಈ ಚಿಂತೆಯಿಲ್ಲ. 2020ರ ಏಪ್ರಿಲ್ 1ರಿಂದ ಬಿ.ಎಸ್. 6 ಬಂದು, ಬಹುತೇಕ ಹೊಸ ಬೈಕುಗಳಲ್ಲಿ ಕಾರ್ಬೊರೇಟರಿನ ಜಾಗಕ್ಕೆ ಇಂಜೆಕ್ಷನ್ನು ಕೂತಿದೆ.

ಕೊನೆಗೆ ಖಾನೆಯ ಕಾರ್ಬೊರೇಟರುಗಳನ್ನೆಲ್ಲ ಚೀಲದಲ್ಲಿ ತುಂಬಿಕೊಂಡು ಬೈಲಹೊಂಗಲದ ಒಬ್ಬ ಹಳೆಯ ಮಿಸ್ತ್ರಿಯ ಹತ್ತಿರ ಹೋದೆ. ಚೀಲ ಬಿಚ್ಚಿಯೂ ನೋಡಲಿಲ್ಲ ಆತ. ‘ಸಾವಕಾರ್ರ, ಅಂಗಡ್ಯಾಗಿನ ಟೇಪ್ ಇದ್ರ ಕೊಡ್ರಿ’ ಎಂದ. ಕಿಸೆಯಲ್ಲಿತ್ತು, ಕೊಟ್ಟೆ. ಎಕ್ಸಿಲೇಟರಿನ ಹಿಡಿಕೆಯ ಸುತ್ತ ಅಳೆದು, ಸುಣ್ಣದ ಕಡ್ಡಿಯಿಂದ ಗೀಟು ಹಾಕಿದ: ಕಾಲು, ಅರ್ಧ, ಮುಕ್ಕಾಲು, ಪೂರ್ತಿ. ‘ಇನ್ನ ಮುರಗೋಡಕ್ಕ ಹೋಗಿ ಬರ್ರಿ. ಎಲ್ಲೀತನ ಕೈ ತಿರಗತೈತಿ ನೋಡ್ಕೋತ ಹೋಗ್ರಿ.’

ಹೋಗಿ ಬಂದೆ. ಎಮ್ಮೆ, ಕುರಿಹಿಂಡು, ಕಬ್ಬಿನ ಟ್ರ್ಯಾಕ್ಟರು, ರಸ್ತೆಯ ಮೇಲೆ ಹರವಿದ ಜೋಳದ ತೆನೆ, ಎದುರು ಸಿಕ್ಕು ಕೈ ಎತ್ತುವ ಬೀಗರು. ಗೀಟು ಅರ್ಧ ದಾಟಲೇ ಇಲ್ಲ.

ಮಿಸ್ತ್ರಿ ನಕ್ಕ. ಕೈ ಸ್ವಲ್ಪವೇ ತಿರುಗಿದಾಗ ದುಡಿಯುವುದು ಪೈಲಟ್ ಜೆಟ್ಟು, ಗಾಳಿಯ ಸ್ಕ್ರೂ. ಕಾಲಿನಿಂದ ಮುಕ್ಕಾಲಿನ ತನಕ ಸ್ಲೈಡಿನ ಸೂಜಿ. ಮೇನ್ ಜೆಟ್ಟಿನ ಪಾಳಿ ಬರುವುದು ಮುಕ್ಕಾಲು ದಾಟಿದ ಮೇಲೆ. ‘ನೀವು ಮೇನ್ ಜೆಟ್ಟಿನ ಸಲುವಾಗಿ ಇಷ್ಟ ಬಡದಾಡಾಕತ್ತೀರಿ, ಅಲ್ಲೀತನ ನಿಮ್ಮ ಕೈನ ಹೋಗೂದಿಲ್ಲಲ್ರಿ!’ ನಾನು ಲೀಟರುಗಟ್ಟಲೆ ವಾದಿಸಿದ್ದ 28, 29ರ ಹಿರಿಮೆಯೆಲ್ಲ ಊರ ರಸ್ತೆಯಲ್ಲಿ ನಾನು ಎಂದೂ ಹೋಗದ ಆ ಕೊನೆಯ ಕಾಲುಭಾಗದಲ್ಲಿತ್ತು.

ಆತ ಹಳೆಯ 24ನ್ನೇ ಬಿಚ್ಚಿದ. ಪೈಲಟ್ ಜೆಟ್ಟನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದ, ತಂತಿ ಹಾಕಲಿಲ್ಲ. ತಂತಿ ಹಾಕಿದರೆ ತೂತು ದೊಡ್ಡದಾಗುತ್ತದೆ. ಗಾಳಿ ಹೊಡೆದ. ಹೊಸ ವಾಶರುಗಳನ್ನು ಹಾಕಿ, ಸೂಜಿಯ ಕ್ಲಿಪ್ಪನ್ನು ಒಂದು ಕಚ್ಚು ಕೆಳಗಿಳಿಸಿದ. ಕ್ಲಿಪ್ಪು ಇಳಿದರೆ ಸೂಜಿ ಮೇಲೇಳುತ್ತದೆ, ಪೆಟ್ರೋಲು ತುಸು ಹೆಚ್ಚು ಬರುತ್ತದೆ, ಇಥೆನಾಲಿನ ಲೆಕ್ಕ ಸರಿಹೋಗುತ್ತದೆ. ಮೇನ್ ಜೆಟ್ಟನ್ನೂ ಒಂದಂಕಿ ಏರಿಸಿದ, ‘ಎಂದರ ಕಿತ್ತೂರ ಕಡೆ ಹೊಂಟ್ರ ಇರಲಿ’ ಎಂದು. ಏರ್‌ಫಿಲ್ಟರನ್ನು ಕಲ್ಲಿಗೆ ಬಡಿದ. ಒಂದು ಬೊಗಸೆ ಎರಿಮಣ್ಣು ಬಿತ್ತು. ಕೊನೆಗೆ ಟಾಕಿಯ ಮುಚ್ಚಳ ಕೈಗೆತ್ತಿಕೊಂಡು ಅದರ ಗಾಳಿತೂತನ್ನು ಊದಿದ. ಊದಿದ ಗಾಳಿ ಆಚೆ ಬರಲಿಲ್ಲ. ಧೂಳು ಕೂತು ತೂತು ಮುಚ್ಚಿ, ಟಾಕಿಗೆ ಗಾಳಿ ಹೋಗದೆ ಪೆಟ್ರೋಲು ಇಳಿಯುತ್ತಿರಲಿಲ್ಲ. ಮುನವಳ್ಳಿಯ ಮದುವೆಗೆ ತಡವಾದದ್ದು ಇಷ್ಟಕ್ಕೆ. ಗುಂಡುಪಿನ್ನೊಂದು ಸಾಕಾಯಿತು, ಅದೂ ನನ್ನ ಅಂಗಿಯ ಕಾಲರಿನದೇ.

ವಾರದ ಮೇಲೆ ಪ್ಲಗ್ಗು ಬಿಚ್ಚಿ ನೋಡಿದೆವು. ಚಹಾಪುಡಿಯ ಕಂದು ಬಣ್ಣ, ಮಸಿಯೂ ಇಲ್ಲ, ಬಿಳುಪೂ ಇಲ್ಲ. ಆವರೇಜ್ ಎಷ್ಟೆಂದು ಕೇಳಿದರೆ ಈಗ ಹೇಳುವಷ್ಟಿದೆ, ಕೇಳಿ ಬೇಕಾದರೆ. ಮುನ್ನೂರೈವತ್ತರ ಹಳೆಯ ಬುಲೆಟ್ಟು, ನಮ್ಮಂಥ ಊರಿನ ರಸ್ತೆ ಇದ್ದವರಿಗೆ ನನ್ನ ತೀರ್ಮಾನ ಇಷ್ಟೇ: ಕಂಪನಿಯ 24 ಸಾಕು, ಅಸಲಿ ಜೆಟ್ಟು ಹಾಕಿಸಿ. ದಿನಾ ಹೆದ್ದಾರಿ ಹಿಡಿಯುವವರು 28 ನೋಡಬಹುದು. ಥಳಥಳ ಹೊಳೆಯುವ ಅಗ್ಗದ ಮಾಲು ಯಾವ ರಸ್ತೆಗೂ ಬೇಡ. ಹಾಗೆಯೇ ನಿಮ್ಮ ಅಟ್ಟದ ಮೇಲೆ ಹಳೆಯ ಅಮಲ್ ಇದ್ದರೆ ದಯವಿಟ್ಟು ಗುಜರಿಯವನಿಗೆ ತೂಗಿ ಕೊಡಬೇಡಿ, ನನಗೆ ತಿಳಿಸಿ. ನನ್ನ ಹತ್ತಿರ ಇರುವುದಕ್ಕೆ ಒಳ್ಳೆಯದೊಂದು ಸ್ಲೈಡು ಬೇಕಾಗಿದೆ. ಬದಲಿಗೆ ಬ್ಲೌಸ್ ಪೀಸು ಕೊಡುತ್ತೇನೆ.