ಕಂಪ್ಯೂಟರ್ ಭಾವ

ಪ್ರತಿ ಮನೆತನಕ್ಕೂ ಒಬ್ಬರು ಕಂಪ್ಯೂಟರ್ ಭಾವ ಇರುತ್ತಾರೆ. ಹೊಟ್ಟೆಪಾಡಿಗೆ ವಿಮೆ ಏಜೆಂಟರೋ ಬ್ಯಾಂಕ್ ಗುಮಾಸ್ತರೋ ಆಗಿದ್ದರೂ ಜೇಬಿನಲ್ಲಿ ಪೆನ್‌ಡ್ರೈವ್, ಸ್ಕೂಟರ್ ಡಿಕ್ಕಿಯಲ್ಲಿ ಸ್ಕ್ರೂಡ್ರೈವರ್ ತಪ್ಪದು. ಗೃಹಪ್ರವೇಶದ ಊಟದಲ್ಲಿ ಯಾರಾದರೂ "ಕಂಪ್ಯೂಟರ್ ಯಾಕೋ ಸ್ಲೋ" ಅಂದರೆ ಮುಗಿಯಿತು. "ಅಂಗಡಿಯವನಿಗೆ ಯಾಕೆ ದುಡ್ಡು ಸುರೀತೀರಿ, ನಾನಿಲ್ವಾ?" ಎನ್ನುತ್ತಾರೆ. ಮುಂದಿನ ಭಾನುವಾರ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಚೌಕಾಸಿ ಮಾಡಿ ಕೊಂಡ ಎಸ್‌ಎಸ್‌ಡಿಯೊಂದಿಗೆ ಹಾಜರ್.

ಯೋಜನೆಯೇನೋ ಸರಿಯೇ: ಹೊಸದರಲ್ಲಿ ವಿಂಡೋಸ್, ಹಳೆಯ ಹಾರ್ಡ್ ಡಿಸ್ಕಿನಲ್ಲಿ ಮದುವೆ ಫೋಟೊ. ಕ್ಯಾಬಿನೆಟ್ ಬಿಚ್ಚಿದ ಕೂಡಲೇ ಪುರಾಣ ಶುರು. "ಐಡಿಇ ಕಾಲದಲ್ಲಿ ಚೋಟುದ್ದದ ಜಂಪರ್ ಚುಚ್ಚಿ ಯಾವುದು ಮಾಸ್ಟರ್, ಯಾವುದು ಸ್ಲೇವ್ ಅಂತ ನಾವೇ ತೀರ್ಮಾನ ಮಾಡ್ಬೇಕಿತ್ತು. ಈಗಿನ ಸಾಟಾ ಕೇಬಲ್ಲು ಮಕ್ಕಳಾಟ!"

ಮಕ್ಕಳಾಟ ಕಠಿಣವಾಗುವುದು ಬಯಾಸ್ ಬಾಗಿಲಲ್ಲಿ. ಯಾವ ಕೀ ಎಂಬುದು ಭಾವನಿಗೆ ಎಂದೂ ನೆನಪಿರುವುದಿಲ್ಲ. ಎಫ್2, ಡಿಲೀಟ್, ಎಸ್ಕೇಪ್, ಎಫ್12 ಎಲ್ಲವನ್ನೂ ತಬಲಾದಂತೆ ಬಾರಿಸುವಷ್ಟರಲ್ಲಿ ವಿಂಡೋಸ್ ಬಂದು ನಗುತ್ತಿರುತ್ತದೆ. ಯಾವ ಕೀ ಒತ್ತಬೇಕೆಂದು ಪರದೆಯ ಕೆಳಗೇ ಬರೆದಿತ್ತು. ಓದುವುದು ಅವರ ಘನತೆಗೆ ಕಡಿಮೆ.

"ಬೂಟ್ ಆರ್ಡರ್ ಅಂದ್ರೆ ಊಟದ ಪಂಕ್ತಿ ಇದ್ದ ಹಾಗೆ ಅತ್ತೆ. ಹೊಸ ಡಿಸ್ಕಿಗೆ ಮೊದಲ ಎಲೆ ಹಾಕದಿದ್ರೆ ಹಳೇದೇ ಬಂದು ಕೂತ್ಬಿಡುತ್ತೆ."

"ಅಲ್ಲ ಅಳಿಯಂದಿರೇ, ಹಿರಿಯರಿಗೇ ಅಲ್ವೇ ಮೊದಲ ಎಲೆ?" ಎಂದರು ಅಮ್ಮ.

ಹಿರಿಯ ಡಿಸ್ಕ್ ಇದನ್ನು ಕೇಳಿಸಿಕೊಂಡಿರಬೇಕು. ಅದರ ಕೇಬಲ್ ಕಳಚದೆಯೇ ಭಾವ ಹೊಸದಕ್ಕೆ ವಿಂಡೋಸ್ ತುಂಬಿದರು. ಹಳೆಯದರಲ್ಲಿ ಇಎಫ್‌ಐ ಪಾರ್ಟಿಷನ್ ಸಿದ್ಧವಾಗಿಯೇ ಇದ್ದುದರಿಂದ ವಿಂಡೋಸ್ ತನ್ನ ಬೂಟ್ ಕಡತಗಳನ್ನು ಅಲ್ಲೇ ಇಟ್ಟಿತು. ಎರಡೂ ಜೊತೆಗಿರುವವರೆಗೆ ಏನೂ ಗೊತ್ತಾಗಲಿಲ್ಲ. ಸಂಜೆ "ಹಳೇದನ್ನ ಒಮ್ಮೆ ಕ್ಲೀನ್ ಮಾಡೋಣ" ಅಂತ ಕಳಚಿದ್ದೇ ತಡ, ಪರದೆ ಕಪ್ಪಾಗಿ "ನೋ ಬೂಟಬಲ್ ಡಿವೈಸ್" ಎಂದಿತು.

ಭಾವ ತಬ್ಬಿಬ್ಬಾಗುವ ಆಸಾಮಿಯಲ್ಲ. ಮೊದಲು ಕರೆಂಟನ್ನು ಬೈದರು. ಆಮೇಲೆ ಮದರ್‌ಬೋರ್ಡಿನ 3 ವೋಲ್ಟಿನ ಸಿಆರ್2032 ಸೆಲ್ಲನ್ನು. ಕಡೆಗೆ ನಮ್ಮನ್ನೇ: "ನೀವು ಸರಿಯಾಗಿ ಶಟ್‌ಡೌನ್ ಮಾಡಲ್ಲ." ಮೂರನೆಯ ಕಾಫಿಯ ಹೊತ್ತಿಗೆ ಹಳೆಯದನ್ನೇ ಮತ್ತೆ ಸಿಕ್ಕಿಸಿ, "ಎರಡೂ ಇರಲಿ, ಸೇಫ್" ಎಂದು ಘೋಷಿಸಿ ಸ್ಕೂಟರ್ ಹತ್ತಿದರು.

ಎರಡನೇ ಡಿಸ್ಕ್ ಹಾಕಿಸುವವರಿಗೆ ಒಂದು ಕಿವಿಮಾತು. ಮೊದಲು ಫೋಟೊಗಳ ಬ್ಯಾಕಪ್ ತೆಗೆಯಿರಿ. ಹಳೆಯದರ ಕೇಬಲ್ ಕಳಚಿ, ಹೊಸದರಲ್ಲಿ ಮಾತ್ರ ವಿಂಡೋಸ್ ಹಾಕಿ, ಆಮೇಲೆ ಹಳೆಯದನ್ನು ಸಿಕ್ಕಿಸಿ, ಬೂಟ್ ಪಟ್ಟಿಯಲ್ಲಿ ಹೊಸ ಡಿಸ್ಕಿನ ವಿಂಡೋಸ್ ಬೂಟ್ ಮ್ಯಾನೇಜರನ್ನು ಮೇಲಕ್ಕಿಟ್ಟು ಎಫ್10 ಒತ್ತಿ ಸೇವ್ ಮಾಡಿ. ಯಾರು ಕಲಿಸಿದರೆಂದು ಕೇಳಿದರೆ ಮಾತ್ರ ಭಾವನ ಹೆಸರು ಹೇಳಿ. ಹಬ್ಬಕ್ಕೆ ಮತ್ತೆ ಒಂದೇ ಪಂಕ್ತಿಯಲ್ಲಿ ಕೂರಬೇಕಲ್ಲ!